ಮದ್ದೂರಿನ ಕಲ್ಲು, ಶೆರ್ಘಾಟಿಯ ಕಲ್ಲು

1865ರಲ್ಲಿ, ಒಂದು ತಿಂಗಳು ತುಂಬುವುದರೊಳಗೆ, ಈ ದೇಶದ ಎರಡು ಊರುಗಳಲ್ಲಿ ಆಕಾಶದಿಂದ ಕಲ್ಲು ಬಿತ್ತು. ಆಗಸ್ಟ್ 25ರಂದು ಬಿಹಾರದ ಗಯಾ ಸೀಮೆಯ ಶೆರ್ಘಾಟಿಯಲ್ಲಿ, ಸೆಪ್ಟೆಂಬರ್ 21ರಂದು ಮೈಸೂರು ಸೀಮೆಯ ಮದ್ದೂರಿನಲ್ಲಿ. ಮರುವರ್ಷ ಏಪ್ರಿಲ್‌ನಲ್ಲಿ ಉಡುಪಿಯಲ್ಲೂ ಒಂದು ಬಿತ್ತು. ಉಲ್ಕಾಶಿಲೆಗೆ ಅದು ಬಿದ್ದ ಊರಿನ ಹೆಸರಿಡುವುದು ರೂಢಿ. ಬ್ರಿಟಿಷ್ ಅಧಿಕಾರಿಗಳ ಕಿವಿಗೆ ಬಿದ್ದಂತೆ ಬರೆದ ಕಾಗುಣಿತವೇ ಪಟ್ಟಿಗಳಲ್ಲಿ ನಿಂತುಬಿಟ್ಟಿದೆ. ಹಾಗಾಗಿ ಜಗತ್ತಿನ ಉಲ್ಕಾಶಿಲೆಗಳ ದಾಖಲೆಯಲ್ಲಿ ಇವತ್ತಿಗೂ ಮದ್ದೂರು ‘ಮುಡ್ಡೂರ್’, ಉಡುಪಿ ‘ಉಡಿಪಿ’, ಶೆರ್ಘಾಟಿ ‘ಶೆರ್ಗಾಟಿ’. ಊರಿನ ಫಲಕ ಎಷ್ಟು ಸಲ ಬದಲಾದರೂ ಕಲ್ಲಿನ ಹೆಸರು ಬದಲಾಗುವುದಿಲ್ಲ.

ಹೆಸರಿನ ಮುಂದೆ ಆ ಪಟ್ಟಿಯಲ್ಲಿ ಇನ್ನೊಂದು ಕಲಂ ಇರುತ್ತದೆ. ಅಲ್ಲಿ ಮದ್ದೂರಿನ ಕಲ್ಲಿಗೆ ‘ಎಲ್5’ ಎಂದಿದೆ, ಉಡುಪಿಯದಕ್ಕೆ ‘ಎಚ್5’. ಶೆರ್ಘಾಟಿಯದಕ್ಕೆ ಅಕ್ಷರ-ಅಂಕಿಯ ಗುರುತಿಲ್ಲ, ಅದರದೇ ಹೆಸರಿನ ಒಂದು ವರ್ಗವಿದೆ: ಶೆರ್ಗಾಟೈಟ್. ಅದು ಮಂಗಳ ಗ್ರಹದ ಕಲ್ಲು. ಮದ್ದೂರು, ಉಡುಪಿಯ ಕಲ್ಲುಗಳು ಮಂಗಳ ಮತ್ತು ಗುರು ಗ್ರಹಗಳ ನಡುವೆ ಸುತ್ತುವ ಕ್ಷುದ್ರಗ್ರಹಗಳ ಚೂರುಗಳು, ಅವೂ ಬೇರೆ ಬೇರೆ ಮನೆತನದವು. ಬಿದ್ದಾಗ ಮೂರರ ಮೇಲೂ ಗಾಳಿಯ ತಿಕ್ಕಾಟದಲ್ಲಿ ಕರಗಿ ಗಟ್ಟಿಯಾದ ಕಪ್ಪು ಸಿಪ್ಪೆ. ಮೇಲಿಂದ ನೋಡಿದವರಿಗೆ ಮೂರೂ ಕರಿಕಲ್ಲುಗಳೇ. ಒಳಗೆ ಏನಿದೆ, ಒಳಗಿರುವುದು ಹೇಗೆ ಜೋಡಿಸಿಕೊಂಡಿದೆ ಎಂಬ ಎರಡು ಸಂಗತಿಗಳಿಂದ ಈ ವಿಂಗಡಣೆ ಸಾಧ್ಯವಾಯಿತು. ಮೊದಲನೆಯದು ಖನಿಜ, ಎರಡನೆಯದು ಕಣರಚನೆ.

ಈ ಓದಿನ ಮೊದಲ ಪಾಠವೂ ಭಾರತದ ಕಲ್ಲಿನಿಂದಲೇ ಬಂತು. 1798ರ ಡಿಸೆಂಬರ್ 19ರಂದು ಬನಾರಸಿನ ಹತ್ತಿರದ ಕ್ರಾಖೂತ್ ಎಂಬಲ್ಲಿ ಬೆಂಕಿಯುಂಡೆಯೊಂದು ಕಾಣಿಸಿಕೊಂಡು ಕಲ್ಲುಗಳು ಬಿದ್ದವು. ಆಕಾಶದಿಂದ ಕಲ್ಲು ಬೀಳುತ್ತದೆ ಎಂದರೆ ಯುರೋಪಿನ ಬಹುತೇಕ ವಿದ್ವಾಂಸರು ನಗುತ್ತಿದ್ದ ಕಾಲ ಅದು. ಲಂಡನ್ನಿನ ರಸಾಯನಶಾಸ್ತ್ರಜ್ಞ ಎಡ್ವರ್ಡ್ ಹೊವಾರ್ಡ್ ಬನಾರಸಿನ ಕಲ್ಲಿನ ಜೊತೆಗೆ ಇಟಲಿಯ ಸಿಯೆನಾ, ಇಂಗ್ಲೆಂಡಿನ ವೋಲ್ಡ್ ಕಾಟೇಜ್, ಬೊಹೀಮಿಯಾದ ಟಾಬೋರ್, ಹೀಗೆ ಆಕಾಶದಿಂದ ಬಿದ್ದವೆಂದು ಜನ ಹೇಳುತ್ತಿದ್ದ ಇನ್ನೂ ಮೂರು ಕಲ್ಲುಗಳನ್ನು ಸಂಪಾದಿಸಿದ. ಫ್ರಾನ್ಸಿನ ಕ್ರಾಂತಿಯ ಗದ್ದಲದಲ್ಲಿ ದೇಶ ಬಿಟ್ಟು ಬಂದಿದ್ದ ಖನಿಜತಜ್ಞ ಕೌಂಟ್ ಬೋರ್ನಾನ್ ಅವನ ಜೊತೆಗಾರ. ಬೋರ್ನಾನ್ ಇಡೀ ಕಲ್ಲನ್ನು ಒಟ್ಟಿಗೆ ಅರೆದು ಪುಡಿ ಮಾಡಲು ಬಿಡಲಿಲ್ಲ. ಒಳಗಿನ ಭಾಗಗಳನ್ನು ಮೊದಲು ಬೇರೆ ಬೇರೆ ಮಾಡಿದ. ಪುಟ್ಟ ಪುಟ್ಟ ದುಂಡು ಗುಳಿಗೆಗಳು, ಗಂಧಕ ಸೇರಿದ ಕಬ್ಬಿಣದ ಅದಿರು, ಕಾಂತಕ್ಕೆ ಅಂಟುವ ಕಬ್ಬಿಣದ ಕಣಗಳು, ಇವನ್ನೆಲ್ಲ ಹಿಡಿದಿಟ್ಟ ಗಾರೆಯಂಥ ಮಣ್ಣುಬಣ್ಣದ ಪದಾರ್ಥ: ಒಟ್ಟು ನಾಲ್ಕು. ಹೊವಾರ್ಡ್ ಒಂದೊಂದನ್ನೂ ಪ್ರತ್ಯೇಕವಾಗಿ ಪರೀಕ್ಷಿಸಿದ. ನಾಲ್ಕೂ ಕಲ್ಲುಗಳ ಕಬ್ಬಿಣದಲ್ಲಿ ನಿಕ್ಕಲ್ ಸಿಕ್ಕಿತು.

1802ರಲ್ಲಿ ಪ್ರಕಟವಾದ ಆ ವರದಿಯಿಂದ ವಾದದ ದಿಕ್ಕೇ ಬದಲಾಯಿತು. ಸಾವಿರಾರು ಮೈಲಿ ಅಂತರದ ನಾಲ್ಕು ಊರುಗಳಲ್ಲಿ ಬಿದ್ದ ಕಲ್ಲುಗಳು ಆಯಾ ಊರಿನ ಬಂಡೆಯನ್ನು ಹೋಲದೆ ಒಂದನ್ನೊಂದು ಹೋಲುತ್ತಿದ್ದವು. ಈಗಿನ ಪಟ್ಟಿಯಲ್ಲಿ ಬನಾರಸಿನದು ಎಲ್‌ಎಲ್4, ಸಿಯೆನಾದ್ದು ಎಲ್‌ಎಲ್5, ವೋಲ್ಡ್ ಕಾಟೇಜಿನದು ಎಲ್6, ಟಾಬೋರಿನದು ಎಚ್5. ಆ ಅಕ್ಷರಗಳು ಹುಟ್ಟಲು ಇನ್ನೂ ಒಂದೂವರೆ ಶತಮಾನ ಬೇಕಿತ್ತು. ಆದರೆ ಮುಂದೆ ಬರಲಿದ್ದ ಮೂರೂ ಗುಂಪುಗಳ ಮಾದರಿಗಳು ಹೊವಾರ್ಡನ ಮೇಜಿನ ಮೇಲೆ ಅದಾಗಲೇ ಇದ್ದವು. ಬೋರ್ನಾನ್ ಎತ್ತಿಟ್ಟ ದುಂಡು ಗುಳಿಗೆಗಳನ್ನೇ ಹಿಡಿದು ಬರ್ಲಿನ್ನಿನ ಗುಸ್ತಾವ್ ರೋಸ್ 1860ರ ದಶಕದಲ್ಲಿ ಇಂಥ ಕಲ್ಲುಗಳಿಗೆ ‘ಕಾಂಡ್ರೈಟ್’ ಎಂದು ಹೆಸರಿಟ್ಟ. ಗ್ರೀಕಿನಲ್ಲಿ ಕಾಂಡ್ರೋಸ್ ಅಂದರೆ ಕಾಳು, ರವೆ. ಗುಳಿಗೆಗೆ ಕಾಂಡ್ರೂಲ್ ಎಂಬ ಹೆಸರು ನಿಂತಿತು. ಸಾಮಾನ್ಯವಾಗಿ ಗಸಗಸೆ ಕಾಳಿನಷ್ಟು ಅಥವಾ ಅದಕ್ಕಿಂತ ಚಿಕ್ಕದು. ಭೂಮಿಯ ಯಾವ ಬಂಡೆಯಲ್ಲೂ ಇಂಥದು ಹೀಗೆ ಒತ್ತೊತ್ತಾಗಿ ಸಿಗುವುದಿಲ್ಲ.

ಗುಳಿಗೆಯ ಒಳಗನ್ನು ನೋಡಲು ಕಲ್ಲನ್ನು ಕೊಯ್ಯಬೇಕು. ತೆಳು ಹೋಳೊಂದನ್ನು ಗಾಜಿನ ಪಟ್ಟಿಗೆ ಅಂಟಿಸಿ, 0.03 ಮಿಲಿಮೀಟರ್ ದಪ್ಪಕ್ಕೆ ಬರುವ ತನಕ ಉಜ್ಜುತ್ತಾರೆ. ಅಷ್ಟು ತೆಳುವಾದಾಗ ಕಲ್ಲಿನೊಳಗೂ ಬೆಳಕು ಹಾಯುತ್ತದೆ. ಈ ವಿದ್ಯೆಯನ್ನು ಬಂಡೆಗಳಿಗೆ ಒಗ್ಗಿಸಿದವರಲ್ಲಿ ಮೊದಲಿಗ ಇಂಗ್ಲೆಂಡಿನ ಹೆನ್ರಿ ಸಾರ್ಬಿ. ಉಲ್ಕಾಶಿಲೆಯ ಹೋಳುಗಳನ್ನು ನೋಡಿದ ಅವನು, ಈ ಗುಳಿಗೆಗಳು ಒಮ್ಮೆ ಬೇರೆ ಬೇರೆಯಾಗಿ ತೇಲುತ್ತಿದ್ದ ಕರಗಿದ ಹನಿಗಳಾಗಿದ್ದಿರಬೇಕು ಎಂದು 1877ರಲ್ಲಿ ಬರೆದ. ಬೆಂಕಿಯ ಮಳೆ ಸುರಿದ ಹಾಗೆ ಎನ್ನುವುದು ಅವನ ಹೋಲಿಕೆ. ಆ ಊಹೆ ಬಹುಮಟ್ಟಿಗೆ ಉಳಿದುಕೊಂಡಿದೆ. ಸೂರ್ಯ ಇನ್ನೂ ಎಳೆಯದಾಗಿದ್ದಾಗ, ಸುಮಾರು 456 ಕೋಟಿ ವರ್ಷಗಳ ಹಿಂದೆ, ಅದನ್ನು ಸುತ್ತುತ್ತಿದ್ದ ಧೂಳಿನ ಉಂಡೆಗಳು ಯಾವುದೋ ಕಾರಣಕ್ಕೆ ಹಠಾತ್ತಾಗಿ ಕರಗಿ, ಬೇಗನೆ ತಣಿದವು. ಆ ಕಾರಣ ಯಾವುದು ಎಂಬುದರ ಬಗ್ಗೆ ಜಗಳ ಇನ್ನೂ ಮುಗಿದಿಲ್ಲ.

ಧ್ರುವೀಕರಿಸಿದ ಬೆಳಕಿನ ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ, ಬೂದು ಬಣ್ಣದ ಕಲ್ಲು ಬಣ್ಣ ಬಣ್ಣವಾಗಿ ತೆರೆದುಕೊಳ್ಳುತ್ತದೆ. ಆಲಿವೀನ್ ಖನಿಜ ನೀಲಿ, ಗುಲಾಬಿ, ಹಳದಿಯಲ್ಲಿ ಹೊಳೆಯುತ್ತದೆ. ಪೈರಾಕ್ಸೀನ್ ಅಷ್ಟು ಅಬ್ಬರಿಸದೆ ಬೂದು, ಹುಲ್ಲುಬಣ್ಣದಲ್ಲಿ ಉಳಿಯುತ್ತದೆ. ಲೋಹ ಬೆಳಕನ್ನು ಬಿಡುವುದಿಲ್ಲ, ಹಾಗಾಗಿ ಕಪ್ಪು ತೇಪೆ. ಕೆಲವು ಕಾಂಡ್ರೂಲ್‌ಗಳಲ್ಲಿ ಆಲಿವೀನ್ ಕಿಟಕಿಯ ಸರಳುಗಳ ಹಾಗೆ ಸಾಲುಗಟ್ಟಿರುತ್ತದೆ, ಕೆಲವರಲ್ಲಿ ಪೈರಾಕ್ಸೀನ್ ಒಂದು ಮೂಲೆಯಿಂದ ಬೀಸಣಿಗೆಯಂತೆ ಬಿಚ್ಚಿಕೊಂಡಿರುತ್ತದೆ. ಖನಿಜಗಳು ಅಪರೂಪದವೇನಲ್ಲ. ಆಲಿವೀನ್, ಪೈರಾಕ್ಸೀನ್, ಫೆಲ್ಡ್‌ಸ್ಪಾರ್ ಮೂರೂ ಭೂಮಿಯ ಬಂಡೆಗಳಲ್ಲಿ ಧಾರಾಳವಾಗಿವೆ. ಪದಗಳು ಪರಿಚಿತ, ವಾಕ್ಯ ಅಪರಿಚಿತ ಎನ್ನಬಹುದು. ಅದಕ್ಕೇ ಖನಿಜಗಳ ಪಟ್ಟಿ ಮಾಡಿದರೆ ಸಾಲದು, ಜೋಡಣೆಯನ್ನೂ ಓದಬೇಕು.

ಮೊದಲು ಅಕ್ಷರದ ವಿಚಾರ. ಎಚ್, ಎಲ್, ಎಲ್‌ಎಲ್ ಎನ್ನುವುದು ಕಬ್ಬಿಣದ ಲೆಕ್ಕ: ಹೆಚ್ಚು, ಕಡಿಮೆ, ಕಡಿಮೆಯಲ್ಲೂ ಕಡಿಮೆ. ಕಲ್ಲಿನಲ್ಲಿ ಕಬ್ಬಿಣ ಎರಡು ಕಡೆ ಇರಬಹುದು. ನಿಕ್ಕಲ್ ಬೆರೆತ ಲೋಹದ ಕಣವಾಗಿ ಇರಬಹುದು, ಇಲ್ಲವೇ ಆಮ್ಲಜನಕದೊಡನೆ ಸೇರಿ ಆಲಿವೀನ್, ಪೈರಾಕ್ಸೀನ್‌ಗಳ ಒಳಗೆ ಕೂತಿರಬಹುದು. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದ್ದ ಜಾರ್ಜ್ ಪ್ರಯರ್ 1916ರಲ್ಲಿ ಇದರ ನಿಯಮವನ್ನು ಹೇಳಿದ. ಕಲ್ಲಿನಲ್ಲಿ ಲೋಹ ಕಡಿಮೆಯಾದಷ್ಟೂ ಆ ಲೋಹದಲ್ಲಿ ನಿಕ್ಕಲ್ ಪಾಲು ಹೆಚ್ಚುತ್ತದೆ, ಖನಿಜಗಳಲ್ಲಿ ಕಬ್ಬಿಣವೂ ಹೆಚ್ಚುತ್ತದೆ. ನಿಕ್ಕಲ್ ಲೋಹವನ್ನು ಬಿಟ್ಟು ಸುಲಭಕ್ಕೆ ಹೋಗುವುದಿಲ್ಲ, ಕಬ್ಬಿಣ ಮಾತ್ರ ಆಮ್ಲಜನಕ ಕರೆದರೆ ಹೊರಟುಬಿಡುತ್ತದೆ. 1953ರಲ್ಲಿ ಹೆರಾಲ್ಡ್ ಯೂರಿ ಮತ್ತು ಹಾರ್ಮನ್ ಕ್ರೇಗ್ ಹಳೆಯ ವಿಶ್ಲೇಷಣೆಗಳನ್ನೆಲ್ಲ ಜರಡಿ ಹಿಡಿದು, ಒಳ್ಳೆಯವನ್ನಷ್ಟೇ ಉಳಿಸಿಕೊಂಡು ನೋಡಿದಾಗ, ಕಬ್ಬಿಣದ ಒಟ್ಟು ಮೊತ್ತದಲ್ಲೂ ಎರಡು ಸ್ಪಷ್ಟ ಗುಂಪುಗಳು ಕಂಡವು. ಎಚ್ ಮತ್ತು ಎಲ್ ಹುಟ್ಟಿದ್ದು ಅಲ್ಲಿ. ಎಲ್‌ಎಲ್ ಆಮೇಲೆ ಬೇರೆಯಾಯಿತು.

ಇವತ್ತು ಈ ಲೆಕ್ಕಕ್ಕೆ ಕಲ್ಲನ್ನು ಆಮ್ಲದಲ್ಲಿ ಕರಗಿಸಬೇಕಿಲ್ಲ. ನಯಗೊಳಿಸಿದ ಹೋಳಿನ ಮೇಲೆ ಎಲೆಕ್ಟ್ರಾನ್‌ಗಳ ಸಣ್ಣ ಕಿರಣ ಬಿಟ್ಟು, ಒಂದೊಂದು ಆಲಿವೀನ್ ಹರಳಿನಲ್ಲಿ ಎಷ್ಟು ಕಬ್ಬಿಣ, ಎಷ್ಟು ಮೆಗ್ನೀಶಿಯಮ್ ಎಂದು ಅಳೆಯುತ್ತಾರೆ. ಆಲಿವೀನ್ ಹರಳಿನಲ್ಲಿ ಈ ಎರಡೂ ಒಂದೇ ಜಾಗಕ್ಕೆ ಸ್ಪರ್ಧಿಸುತ್ತವೆ. ಅಂಥ 100 ಜಾಗಗಳಲ್ಲಿ 16ರಿಂದ 20ರಷ್ಟು ಕಬ್ಬಿಣದ ಪಾಲಾಗಿದ್ದರೆ ಕಲ್ಲು ಎಚ್ ಗುಂಪಿನದು. 22ರಿಂದ 26 ಆದರೆ ಎಲ್, 27ರಿಂದ 32 ಆದರೆ ಎಲ್‌ಎಲ್. ಎಚ್ ಅಂದರೆ ಕಬ್ಬಿಣ ಹೆಚ್ಚು, ಆದರೆ ಅದರ ಆಲಿವೀನ್‌ನಲ್ಲಿ ಕಬ್ಬಿಣ ಕಡಿಮೆ. ತಲೆಕೆಳಗಾದಂತೆ ಕಾಣುವ ಈ ಲೆಕ್ಕ ಪ್ರಯರನ ನಿಯಮದಿಂದ ಬಿಡಿಸಿಕೊಳ್ಳುತ್ತದೆ: ಅಲ್ಲಿ ಕಬ್ಬಿಣ ಲೋಹವಾಗಿಯೇ ಉಳಿದಿದೆ. ಹಾಗಾಗಿ ಉಡುಪಿಯ ಕಲ್ಲಿನ ಗುಂಪಿನಲ್ಲಿ ಕಾಂತ ಬಲವಾಗಿ ಎಳೆಯುತ್ತದೆ, ಮದ್ದೂರಿನದರ ಗುಂಪಿನಲ್ಲಿ ಅಷ್ಟಿಲ್ಲ, ಬನಾರಸಿನದರಲ್ಲಿ ಇನ್ನೂ ಕಡಿಮೆ. ಮೂರು ಗುಂಪುಗಳ ಹಿಂದೆ ಮೂರು ಬೇರೆ ಬೇರೆ ತಾಯಿಕಾಯಗಳಿವೆ ಎಂಬುದು ಇದರಿಂದ ಬರುವ ತೀರ್ಮಾನ. ಅಕ್ಷರ ಹೇಳುವುದು ಹುಟ್ಟನ್ನು.

ಅಂಕಿ ಹೇಳುವುದು ಬಾಳನ್ನು. ಧೂಳು ಮತ್ತು ಹನಿಗಳು ಕೂಡಿ ಕ್ಷುದ್ರಗ್ರಹವಾದ ಮೇಲೆ ಅದರ ಒಡಲು ವಿಕಿರಣಶೀಲ ಅಲ್ಯೂಮಿನಿಯಮ್ಮಿನ ಕಾವಿನಿಂದ ಬಿಸಿಯಾಯಿತು. ಒಳಗೆ ಹೆಚ್ಚು, ಹೊರಗೆ ಕಡಿಮೆ. ಉಪ್ಪಿನಕಾಯಿ ಹಾಕಿದ ಮೊದಲ ದಿನ ಒಂದು ಹೋಳು ಬಾಯಿಗಿಡಲಾಗದಷ್ಟು ಉಪ್ಪು, ಪಕ್ಕದ ಹೋಳು ಬರೀ ಹುಳಿ. ಜಾಡಿಯಲ್ಲಿ ತಿಂಗಳುಗಟ್ಟಲೆ ಕೂತ ಮೇಲೆ ಯಾವ ಹೋಳು ತೆಗೆದರೂ ಒಂದೇ ರುಚಿ. ಕಲ್ಲಿನಲ್ಲೂ ಅಷ್ಟೇ. ಕರಗದೆ, ಗಟ್ಟಿಯಾಗಿದ್ದುಕೊಂಡೇ, ಕಾವು ಸಾಕಷ್ಟು ಕಾಲ ಇದ್ದರೆ ಕಬ್ಬಿಣ-ಮೆಗ್ನೀಶಿಯಮ್‌ಗಳು ಹರಳಿನಿಂದ ಹರಳಿಗೆ ಸರಿದು ಸಮನಾಗುತ್ತವೆ. ಅದೇ ಕಾವಿನಲ್ಲಿ ಕಾಂಡ್ರೂಲ್‌ಗಳ ಒಳಗಿನ ಗಾಜು ಹರಳುಗಟ್ಟಿ ಫೆಲ್ಡ್‌ಸ್ಪಾರ್ ಆಗುತ್ತದೆ, ಕಣಗಳು ದಪ್ಪವಾಗುತ್ತವೆ, ಗುಳಿಗೆಯ ದುಂಡು ಅಂಚು ಸುತ್ತಲಿನ ಪದಾರ್ಥದಲ್ಲಿ ಬೆರೆತು ಮಸುಕಾಗುತ್ತದೆ.

ಇದನ್ನೇ 1967ರಲ್ಲಿ ಅಮೆರಿಕದ ವ್ಯಾನ್ ಶ್ಮಸ್ ಮತ್ತು ಜಾನ್ ವುಡ್ ಮೆಟ್ಟಿಲುಗಳಾಗಿ ಜೋಡಿಸಿದರು. ಅಂಕಿ 3 ಎಂದರೆ ಕಾಂಡ್ರೂಲ್‌ಗಳ ಅಂಚು ಚೊಕ್ಕವಾಗಿದೆ, ಒಳಗೆ ಗಾಜು ಉಳಿದಿದೆ, ಆಲಿವೀನ್ ಹರಳುಗಳು ಒಂದೊಂದೂ ಒಂದೊಂದು ಥರ. 4ರಲ್ಲಿ ಗುಳಿಗೆಗಳು ಸ್ಪಷ್ಟವಾಗಿಯೇ ಇವೆ, ಆದರೆ ಆಲಿವೀನ್ ಸಮನಾಗಿದೆ. 5ರಲ್ಲಿ ಗುಳಿಗೆಯನ್ನು ಗುರುತಿಸಬಹುದು, ಗಾಜಿಲ್ಲ. 6ಕ್ಕೆ ಬಂದಾಗ ಅಂಚುಗಳನ್ನು ಹುಡುಕಬೇಕು, ಫೆಲ್ಡ್‌ಸ್ಪಾರ್ ಮಾತ್ರ ಸೂಕ್ಷ್ಮದರ್ಶಕದಲ್ಲಿ ಸಲೀಸಾಗಿ ಕಾಣುವಷ್ಟು ಬೆಳೆದಿದೆ. ಮದ್ದೂರು ಎಲ್5, ಉಡುಪಿ ಎಚ್5: ಹುಟ್ಟಿದ ಮನೆ ಬೇರೆ, ಬೆಂದ ಹದ ಹೆಚ್ಚುಕಡಿಮೆ ಒಂದೇ. ಮದ್ದೂರು ಎಲ್5, ಯಾರ್ಕ್‌ಷೈರಿನ ವೋಲ್ಡ್ ಕಾಟೇಜ್ ಎಲ್6: ಹುಟ್ಟಿದ ಮನೆ ಒಂದೇ ಥರದ್ದು, ಒಂದಕ್ಕೆ ಕಾವು ತುಸು ಹೆಚ್ಚು ತಾಗಿದೆ.

ಈ ವಿಧಾನದಲ್ಲಿ ಸೊಗಸಾದ ಒಂದು ಸಂಗತಿಯಿದೆ. ಹುಟ್ಟಿಗೆ ಒಂದು ಅಳತೆ, ಬಾಳಿಗೆ ಇನ್ನೊಂದು ಅಳತೆ ಎಂದೇನಿಲ್ಲ. ಒಂದೇ ಹೋಳಿನಲ್ಲಿ ಹತ್ತಾರು ಆಲಿವೀನ್ ಹರಳುಗಳನ್ನು ಅಳೆದು ಬರೆದಿಟ್ಟರೆ, ಆ ಅಂಕಿಗಳ ಸರಾಸರಿ ಅಕ್ಷರವನ್ನು ಸೂಚಿಸುತ್ತದೆ, ಅಂಕಿಗಳು ಎಷ್ಟು ಚೆದುರಿವೆ ಎನ್ನುವುದು ಮೆಟ್ಟಿಲನ್ನು ಸೂಚಿಸುತ್ತದೆ. ಎಲ್ಲ ಹರಳುಗಳೂ 24ರ ಆಸುಪಾಸಿನಲ್ಲೇ ನಿಂತರೆ ಅದು ಎಲ್ ಗುಂಪಿನ ಬೆಂದ ಕಲ್ಲು. ಒಂದು ಹರಳು 2, ಇನ್ನೊಂದು 30, ಮತ್ತೊಂದು 15 ಎಂದರೆ ಅದು ಬೇಯದ ಕಲ್ಲು. ಅಂಥ ಕಲ್ಲಿನಲ್ಲಿ ಸರಾಸರಿಯನ್ನು ನಂಬುವಂತಿಲ್ಲ. ಲೋಹ ಎಷ್ಟಿದೆ, ಕಾಂಡ್ರೂಲ್‌ಗಳು ಎಷ್ಟು ದಪ್ಪ ಎಂದು ನೋಡಿ ಗುಂಪು ನಿರ್ಧರಿಸಬೇಕು. ಸಾಮಾನ್ಯವಾಗಿ ಚೆದುರಿದ ಅಂಕಿಗಳನ್ನು ಅಳತೆಯ ದೋಷ ಎಂದು ಬದಿಗಿಡುವ ಅಭ್ಯಾಸ ಎಲ್ಲರದು. ಇಲ್ಲಿ ಆ ಚೆದುರುವಿಕೆಯೇ ಸುದ್ದಿ.

3ಕ್ಕಿಂತ ಕೆಳಗೆ 2, 1 ಎಂಬ ಅಂಕಿಗಳೂ ಇವೆ. ಅವು ಕಡಿಮೆ ಬೆಂದವು ಎಂದಲ್ಲ, ನೀರಿನಲ್ಲಿ ನೆಂದವು ಎಂದು. 2017ರ ಜೂನ್ 6ರಂದು ಜೈಪುರದ ಹತ್ತಿರ ಮುಕುಂದಪುರದ ಹೊಲದಲ್ಲಿ ಬಿದ್ದು ಒಡೆದ ಕಲ್ಲು ಸಿಎಂ2. ಇಂಗಾಲ ಸೇರಿದ ಕಪ್ಪು ಕಾಂಡ್ರೈಟ್. ಅದರ ತಾಯಿಕಾಯದಲ್ಲಿ ಮಂಜು ಕರಗಿ ಹರಿದ ನೀರು ಆಲಿವೀನ್‌ನ ಬಹುಭಾಗವನ್ನು ಜೇಡಿಯಂಥ ಖನಿಜಗಳಾಗಿ ಮಾಡಿದೆ. 1864ರಲ್ಲಿ ಫ್ರಾನ್ಸಿನಲ್ಲಿ ಬಿದ್ದ ಒರ್ಗೆಯ್ ಕಲ್ಲು ಇನ್ನೂ ಮುಂದಿನದು, ಸಿಐ1. ನೀರು ಅದನ್ನು ಎಷ್ಟು ತಿಂದಿದೆಯೆಂದರೆ ಕಾಂಡ್ರೂಲ್‌ಗಳೇ ಕಾಣಸಿಗುವುದಿಲ್ಲ. ಆದರೂ ಹೆಸರು ಕಾಂಡ್ರೈಟ್. ಅನಿಲವಾಗುವ ಧಾತುಗಳನ್ನು ಬಿಟ್ಟರೆ ಅದರ ರಾಸಾಯನಿಕ ಲೆಕ್ಕ ಸೂರ್ಯನ ಲೆಕ್ಕಕ್ಕೆ ಬೇರೆಲ್ಲ ಕಲ್ಲುಗಳಿಗಿಂತ ಹತ್ತಿರ, ಹಾಗಾಗಿ ಕುಟುಂಬದಿಂದ ಹೊರಗಿಡುವಂತಿಲ್ಲ. ಕನ್ನಡದವರಿಗೆ ಇದೇನು ವಿಚಿತ್ರವಲ್ಲ. ಎಣ್ಣೆ ಎಂದರೆ ಮೂಲದಲ್ಲಿ ಎಳ್ಳಿನ ನೆಯ್. ಕೊಬ್ಬರಿ ಎಣ್ಣೆಯಲ್ಲಿ ಎಳ್ಳನ್ನು ಯಾರೂ ಹುಡುಕುವುದಿಲ್ಲ. ಹೆಸರು ಕಂಡದ್ದನ್ನು ಹಿಡಿದು ಹುಟ್ಟುತ್ತದೆ, ಸಂಬಂಧವನ್ನು ಹಿಡಿದು ಉಳಿಯುತ್ತದೆ.

3ನೇ ಮೆಟ್ಟಿಲನ್ನೇ ಹತ್ತು ಭಾಗ ಮಾಡಬೇಕಾದ ಸಂದರ್ಭ 1980ರಲ್ಲಿ ಬಂತು. ಡೆರೆಕ್ ಸಿಯರ್ಸ್ ಮತ್ತು ಸಂಗಡಿಗರು ಕಲ್ಲಿನ ಪುಡಿಯನ್ನು ಕಾಯಿಸಿದಾಗ ಅದು ಸೂಸುವ ಮಂದ ಬೆಳಕನ್ನು ಅಳೆದರು. ಗಾಜು ಹರಳುಗಟ್ಟಿ ಫೆಲ್ಡ್‌ಸ್ಪಾರ್ ಆದಷ್ಟೂ ಈ ಬೆಳಕು ಹೆಚ್ಚು. ಸೂಕ್ಷ್ಮದರ್ಶಕಕ್ಕೆ ಒಂದೇ ಥರ ಕಂಡ ಕಲ್ಲುಗಳು ಈ ಅಳತೆಯಲ್ಲಿ ಸಾವಿರ ಪಟ್ಟು ಬೇರೆಯಾಗಿ ನಿಂತವು. 3.0ಯಿಂದ 3.9ರ ತನಕದ ಮೆಟ್ಟಿಲು ಹಾಗೆ ಬಂತು. 1976ರ ಜನವರಿ 28ರ ರಾತ್ರಿ ಸೌರಾಷ್ಟ್ರದ ಧಜಾಲಾದ ಸುತ್ತಮುತ್ತ ಬಿದ್ದು, ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದವರು ಬೆನ್ನು ಹತ್ತಿ ಅಧ್ಯಯನ ಮಾಡಿದ ಕಲ್ಲು ಎಚ್3.8. ಈ ಮೆಟ್ಟಿಲಿನ ತೀರಾ ಬುಡದಲ್ಲಿ ಇರುವುದೂ ಭಾರತದ್ದೇ. 1940ರ ಅಕ್ಟೋಬರ್ 26ರಂದು ಮಧ್ಯಪ್ರದೇಶದ ಸೆಮರ್ಕೋನಾದಲ್ಲಿ ಬಿದ್ದ ಕಲ್ಲು. ಆಮೇಲೆ ಆಲಿವೀನ್‌ನೊಳಗಿನ ಕ್ರೋಮಿಯಮ್ ಎಷ್ಟು ಅಲುಗಾಡಿದೆ ಎಂದು ಅಳೆದು ಇನ್ನೂ ಸೂಕ್ಷ್ಮವಾಗಿ ವಿಂಗಡಿಸಿದಾಗ ಅದಕ್ಕೆ ಎಲ್‌ಎಲ್3.00 ಎಂಬ ಗುರುತು ಸಿಕ್ಕಿತು. ಬೇರೆ ಕಲ್ಲುಗಳು ಎಷ್ಟು ಬೆಂದಿವೆ ಎಂದು ಹೇಳಲು ಬೇಕಾದ ಸೊನ್ನೆ ಅದು.

ಇಷ್ಟು ಹೊತ್ತಿಗೆ ಶೆರ್ಘಾಟಿಯ ಕಲ್ಲು ಎಲ್ಲಿ ನಿಲ್ಲುತ್ತದೆ ಎಂಬ ಪ್ರಶ್ನೆ ಬರುತ್ತದೆ. ಎಲ್ಲೂ ಇಲ್ಲ. ಅದರಲ್ಲಿ ಕಾಂಡ್ರೂಲ್‌ಗಳಿಲ್ಲ, ನಿಕ್ಕಲ್ ಬೆರೆತ ಲೋಹವಿಲ್ಲ. ಉದ್ದುದ್ದ ಪೈರಾಕ್ಸೀನ್ ಹರಳುಗಳು, ನಡುನಡುವೆ ಬಣ್ಣವಿಲ್ಲದ ಗಾಜು. ಕರಗಿದ ಲಾವಾ ತಣಿದಾಗ ಆಗುವ ರಚನೆ ಅದು. ವಿಯೆನ್ನಾದ ಗುಸ್ತಾವ್ ಚೆರ್ಮಾಕ್ 1872ರಲ್ಲಿ ಅದನ್ನು ವಿವರಿಸಿದ. ಆ ಗಾಜಿನ ರಾಸಾಯನಿಕ ಲೆಕ್ಕ ಫೆಲ್ಡ್‌ಸ್ಪಾರ್‌ನದೇ, ಆಕಾರವೂ ಫೆಲ್ಡ್‌ಸ್ಪಾರ್ ಹರಳಿನದೇ, ಆದರೆ ಬೆಳಕಿಗೆ ಅದು ಹರಳಿನಂತೆ ವರ್ತಿಸುವುದಿಲ್ಲ. ಉಲ್ಕಾಶಿಲೆಗಳ ಇನ್ನೊಬ್ಬ ಪಂಡಿತ ಮಾಸ್ಕೆಲೀನನ ಗೌರವಕ್ಕೆ ಅದನ್ನು ಮಾಸ್ಕೆಲಿನೈಟ್ ಎಂದು ಕರೆದ. ಮ್ಯಾಗ್ನಟೈಟ್ ಇರುವುದನ್ನೂ ಗುರುತಿಸಿದ, ಅದೂ ಉಲ್ಕಾಶಿಲೆಗೆ ಒಪ್ಪದ ಖನಿಜ. ಇವೆಲ್ಲ ಏಕೆ ಹೀಗೆ ಎಂದು ಹೇಳುವುದು ಅವನಿಂದ ಸಾಧ್ಯವಿರಲಿಲ್ಲ. ಕಂಡದ್ದನ್ನು ಕಂಡ ಹಾಗೆ ಬರೆದ.

91 ವರ್ಷಗಳ ಮೇಲೆ, 1963ರಲ್ಲಿ, ಸ್ಫೋಟದ ಆಘಾತ ಕೊಟ್ಟು ಫೆಲ್ಡ್‌ಸ್ಪಾರನ್ನು ಕರಗಿಸದೆಯೇ ಮಾಸ್ಕೆಲಿನೈಟ್ ಆಗಿಸಬಹುದೆಂದು ಪ್ರಯೋಗದಲ್ಲಿ ತೋರಿಸಿದರು. ಹಾಗಾದರೆ ಶೆರ್ಘಾಟಿಯ ಕಲ್ಲಿಗೆ ಭಾರೀ ಪೆಟ್ಟು ಬಿದ್ದಿತ್ತು. ಇನ್ನೂ 20 ವರ್ಷಕ್ಕೆ, 1983ರಲ್ಲಿ, ಅಂಟಾರ್ಕ್ಟಿಕಾದಲ್ಲಿ ಸಿಕ್ಕ ಅದೇ ವರ್ಗದ ಇನ್ನೊಂದು ಕಲ್ಲಿನ ಗಾಜಿನಲ್ಲಿ ಸಿಕ್ಕಿಬಿದ್ದ ಅನಿಲಗಳು, ವೈಕಿಂಗ್ ನೌಕೆ ಮಂಗಳದಲ್ಲಿ ಅಳೆದ ಗಾಳಿಗೆ ಹೊಂದಿದವು. ಪೆಟ್ಟು ಯಾವುದು ಎಂದು ಆಗ ತಿಳಿಯಿತು: ಮಂಗಳದ ನೆಲಕ್ಕೆ ಏನೋ ಬಡಿದು ಅಲ್ಲಿಯ ಲಾವಾಕಲ್ಲು ಬಾಹ್ಯಾಕಾಶಕ್ಕೆ ಸಿಡಿದಿತ್ತು. 1872ರಲ್ಲಿ ಮಂಗಳದ ಗಾಳಿಯನ್ನು ಅಳೆಯುವ ಮಾತೇ ಇರಲಿಲ್ಲ. ಆದರೂ ಚೆರ್ಮಾಕ್ ಬರೆದದ್ದರಲ್ಲಿ ಅಳಿಸಬೇಕಾದದ್ದು ಹೆಚ್ಚೇನೂ ಇರಲಿಲ್ಲ. ವಿವರಣೆ ಸರಿಯಾಗಿದ್ದರೆ ಕಾರಣ ತಡವಾಗಿ ಬಂದರೂ ನಡೆಯುತ್ತದೆ. ವಿವರಣೆಯಲ್ಲೇ ಕಾರಣವನ್ನು ತುರುಕಿದ್ದರೆ ಎರಡನ್ನೂ ಬಿಸಾಡಬೇಕಾಗುತ್ತಿತ್ತು. ವರ್ಗೀಕರಣ ಎಂಬ ಒಣ ಕೆಲಸದ ಮರ್ಯಾದೆ ಇರುವುದು ಇಲ್ಲಿ.

ಶೆರ್ಗಾಟೈಟ್ ಬಸಾಲ್ಟಿನ ನೆಂಟ. ಪುಣೆ, ಮುಂಬಯಿಯಲ್ಲಿರುವವರು ಕಾಲ ಕೆಳಗಿನ ನೆಲವನ್ನು ನೆನೆಯಬೇಕು. ಸಹ್ಯಾದ್ರಿಯ ಆ ಕಪ್ಪು ಬಂಡೆಯೂ ಪೈರಾಕ್ಸೀನ್, ಫೆಲ್ಡ್‌ಸ್ಪಾರ್‌ಗಳ ಲಾವಾಕಲ್ಲೇ. ಶೆರ್ಘಾಟಿಯ ಕಲ್ಲು ಬೀಳುವುದನ್ನು ಜನ ನೋಡದೆ ಇದ್ದಿದ್ದರೆ, ಅದು ಪುಣೆಯ ಯಾವುದಾದರೂ ಗುಡ್ಡದಲ್ಲಿ ಬಿದ್ದಿದ್ದರೆ, ಕೆಲವು ಮಳೆಗಾಲ ಕಳೆದ ಮೇಲೆ ಯಾರೂ ಬಗ್ಗಿ ಎತ್ತುತ್ತಿರಲಿಲ್ಲ. ಇದರ ಇನ್ನೊಂದು ಮುಖವೂ ಇದೆ. ಉಲ್ಕಾಶಿಲೆ ಸಿಕ್ಕಿತು ಎಂದು ಜನ ತರುವ ಕಲ್ಲುಗಳಲ್ಲಿ ಬಹುಪಾಲು ಬಸಾಲ್ಟು, ಕಬ್ಬಿಣದ ಅದಿರು, ಇಲ್ಲವೇ ಕುಲುಮೆಯ ಕಿಟ್ಟ. ಕಾಂತ ಅಂಟಿದರೆ ಸಾಲದು, ಮ್ಯಾಗ್ನಟೈಟ್ ಇರುವ ಬಸಾಲ್ಟೂ ಕಾಂತವನ್ನು ಸ್ವಲ್ಪ ಎಳೆಯುತ್ತದೆ. ಒಳಗೆ ಗುಳ್ಳೆ ಗುಳ್ಳೆ ತೂತುಗಳಿದ್ದರೆ ಕಿಟ್ಟವೇ ಇರಬೇಕು, ಅಥವಾ ಲಾವಾ. ಕಾಂಡ್ರೈಟ್ ಆದರೆ ಉಜ್ಜಿದ ಮುಖದಲ್ಲಿ ಬೆಳ್ಳಗೆ ಮಿನುಗುವ ಲೋಹದ ಚುಕ್ಕಿಗಳು ಕಾಣಬೇಕು, ಆ ಲೋಹದಲ್ಲಿ ನಿಕ್ಕಲ್ ಇರಬೇಕು. ಹೊವಾರ್ಡ್ 1802ರಲ್ಲಿ ಹಿಡಿದ ಗುರುತು ಇನ್ನೂ ಚಾಲ್ತಿಯಲ್ಲಿದೆ.

ಹುಟ್ಟನ್ನು ಒಂದು ಕಲಮಿನಲ್ಲಿ, ಬಾಳನ್ನು ಇನ್ನೊಂದರಲ್ಲಿ ಬರೆಯುವ ಈ ಪದ್ಧತಿ ಭಾಷೆಗಳನ್ನು ವಿಂಗಡಿಸುವವರಿಗೂ ಗೊತ್ತು. ಕನ್ನಡದಲ್ಲಿ ಸಂಸ್ಕೃತ, ಪಾರಸಿ, ಪೋರ್ಚುಗೀಸ್ ಪದಗಳನ್ನು ಎಷ್ಟು ಎಣಿಸಿದರೂ ಅದು ದ್ರಾವಿಡ ಭಾಷೆ ಎಂಬುದು ಬದಲಾಗುವುದಿಲ್ಲ. ದ್ರಾವಿಡ ಎಂದು ಬರೆದ ಮಾತ್ರಕ್ಕೆ ಅದು ಯಾರ ಯಾರ ಜೊತೆ ಬಾಳಿತು ಎಂಬ ಕಥೆಯೂ ಅಳಿಸಿಹೋಗುವುದಿಲ್ಲ. ಒಂದನ್ನು ಇನ್ನೊಂದರ ಜಾಗದಲ್ಲಿ ಬರೆದಾಗ ಮಾತ್ರ ಗೊಂದಲ. ಮಾಟುಂಗದಲ್ಲೋ ಸಿಕಂದರಾಬಾದಿನಲ್ಲೋ ಹುಟ್ಟಿ ಬೆಳೆದ ಕನ್ನಡದವರಿಗೆ ‘ನಿಮ್ಮದು ಯಾವೂರು?’ ಎಂಬ ಪ್ರಶ್ನೆ ಎದುರಾದಾಗ ಆಗುವ ತಡವರಿಕೆ ಇದೇ. ಅಜ್ಜನ ಊರು ಹೇಳಬೇಕೋ, ತಾವು ಬೆಂದ ಊರು ಹೇಳಬೇಕೋ. ಕಲ್ಲಿನ ಪಟ್ಟಿಯವರು ಜಾಣರು, ಎರಡಕ್ಕೂ ಜಾಗ ಬಿಟ್ಟಿದ್ದಾರೆ. ಬಿದ್ದ ಪೆಟ್ಟಿಗೂ ಒಂದು ಕಲಂ ಇದೆ, ಎಸ್1ರಿಂದ ಎಸ್6. ಭೂಮಿಗೆ ಬಂದ ಮೇಲೆ ಹಿಡಿದ ತುಕ್ಕಿಗೂ ಒಂದು, ಡಬ್ಲ್ಯೂ0ಯಿಂದ ಡಬ್ಲ್ಯೂ6.

ಅಕ್ಷರಗಳು ಹೇಳುವ ಹುಟ್ಟು ನಿಜವೇ ಎಂದು ಹೋಗಿ ನೋಡಿದ್ದೂ ಆಗಿದೆ. ಜಪಾನಿನ ಹಯಬುಸ ನೌಕೆ 2005ರಲ್ಲಿ ಇಟೊಕಾವ ಎಂಬ ಕ್ಷುದ್ರಗ್ರಹವನ್ನು ಮುಟ್ಟಿ, 2010ರಲ್ಲಿ ಅದರ ಧೂಳನ್ನು ಭೂಮಿಗೆ ತಂದಿತು. ಕೂದಲೆಳೆಯ ದಪ್ಪಕ್ಕೆ ಹೋಲಿಸಬೇಕಾದಷ್ಟು ಸಣ್ಣ ಕಣಗಳು, ಒಂದು ಸಾವಿರದ ಮೇಲೆ. ಅವುಗಳ ಆಲಿವೀನ್, ಪೈರಾಕ್ಸೀನ್, ಫೆಲ್ಡ್‌ಸ್ಪಾರ್‌ಗಳನ್ನು ಅಳೆದು ನೋಡಿದರೆ ಎಲ್‌ಎಲ್ ಗುಂಪು, ಮೆಟ್ಟಿಲು 4ರಿಂದ 6. ಕ್ರಾಖೂತಿನಲ್ಲಿ ಬಿದ್ದ ಕಲ್ಲಿನ ಬಳಗ. ಕಲ್ಲುಗಳನ್ನು ನೆಲದ ಮೇಲೆ ಕೂತು ವಿಂಗಡಿಸಿದವರು ಎಂದೂ ನೋಡದ ಮನೆಯ ವಿಳಾಸವನ್ನು ಸರಿಯಾಗಿ ಬರೆದಿದ್ದರು.

ಇದಕ್ಕೆಲ್ಲ ತೆರಬೇಕಾದ ಬೆಲೆಯೂ ಇದೆ. ಓದಬೇಕಾದರೆ ಕೊಯ್ಯಬೇಕು. ಹೊಸ ಉಲ್ಕಾಶಿಲೆಗೆ ಹೆಸರು ಮತ್ತು ವರ್ಗ ಬೇಕಾದರೆ 20 ಗ್ರಾಂ ಅಥವಾ ಒಟ್ಟು ತೂಕದ ನೂರಕ್ಕೆ 20 ಭಾಗ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟನ್ನು ಮುಂದಿನವರಿಗಾಗಿ ಒಂದು ಸಂಗ್ರಹಾಲಯದಲ್ಲಿ ಇಡಬೇಕೆಂಬ ನಿಯಮವಿದೆ. 70,000ಕ್ಕೂ ಹೆಚ್ಚು ಹೆಸರುಗಳಿರುವ ಪಟ್ಟಿಯಲ್ಲಿ ಸೆಮರ್ಕೋನಾದ ಒಟ್ಟು ತೂಕ 691 ಗ್ರಾಂ. ಒಂದು ಕಿಲೋ ಅಕ್ಕಿಗೂ ಕಡಿಮೆ. ಪ್ರತಿ ಹೊಸ ಪ್ರಶ್ನೆಗೂ ಅದರಿಂದ ಒಂದಿಷ್ಟು ಸವೆಯುತ್ತದೆ. ಅದು ಬಿದ್ದ 1940ರಲ್ಲಿ ಹರಳುಗಳನ್ನು ಒಂದೊಂದಾಗಿ ಅಳೆಯುವ ಎಲೆಕ್ಟ್ರಾನ್ ಯಂತ್ರ ಇರಲಿಲ್ಲ, 3ರಿಂದ 6ರ ಮೆಟ್ಟಿಲುಗಳಿರಲಿಲ್ಲ, 3.00 ಎಂಬ ಸೊನ್ನೆಯ ಅಗತ್ಯ ಯಾರಿಗೂ ಗೊತ್ತಿರಲಿಲ್ಲ. ಅಷ್ಟಾಗಿಯೂ ಅದು ಮಳೆಗೆ ಸಿಕ್ಕಿ ತುಕ್ಕು ಹಿಡಿಯಲಿಲ್ಲ, ಹಂಚಿಕೊಂಡು ಮುಗಿಯಲಿಲ್ಲ. ಎತ್ತಿದವರು, ಕೊಟ್ಟವರು, ಒಣಗಿದ ಕಪಾಟಿನಲ್ಲಿ ಚೀಟಿ ಅಂಟಿಸಿ ಇಟ್ಟವರು ಇದ್ದರು.

ಭಾರತದಲ್ಲಿ ಬೀಳುವ ಉಲ್ಕಾಶಿಲೆಗಳ ಪಾಲಕತ್ವ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯದು, ಅದರ ಸಂಗ್ರಹ ಕೋಲ್ಕತ್ತದಲ್ಲಿದೆ. 2022ರ ಆಗಸ್ಟ್ 17ರಂದು ಗುಜರಾತಿನ ದಿಯೋದರ್ ಸೀಮೆಯಲ್ಲಿ ಒಂದು ಮನೆಯ ಮುಂದಿನ ಟೈಲ್ಸ್ ಒಡೆದು ಬಿದ್ದ ಕಲ್ಲು ತೀರಾ ಅಪರೂಪದ ಆಬ್ರೈಟ್ ವರ್ಗದ್ದೆಂದು ಅಹಮದಾಬಾದಿನವರು ಗುರುತಿಸಿದರು. ಈ ದೇಶದಲ್ಲಿ ಅಂಥದು ಅದಕ್ಕೆ ಮೊದಲು ಬಿದ್ದದ್ದು 1852ರಲ್ಲಿ, ಬಸ್ತಿಯಲ್ಲಿ. ಇಂಥ ಕಲ್ಲು ಸಿಕ್ಕಿದವರು ಮಾಡಬೇಕಾದ್ದು ಸ್ವಲ್ಪವೇ: ತೊಳೆಯಬಾರದು, ಕಾಂತ ಉಜ್ಜಬಾರದು (ಒಳಗಿನ ಹಳೆಯ ಕಾಂತೀಯ ಗುರುತು ಅಳಿಸುತ್ತದೆ), ಒಣಗಿದ ಶುಭ್ರ ಚೀಲದಲ್ಲಿಟ್ಟು, ಎಲ್ಲಿ ಯಾವಾಗ ಸಿಕ್ಕಿತು ಎಂದು ಬರೆದಿಟ್ಟು, ಓದಬಲ್ಲವರಿಗೆ ತಲುಪಿಸುವುದು. ಉಳಿದ ಕಲಂಗಳನ್ನು ಅವರು ತುಂಬುತ್ತಾರೆ. ಕೆಲವನ್ನು ಈಗ, ಕೆಲವನ್ನು ನೂರು ವರ್ಷಗಳ ಮೇಲೆ.